ಹೊರೆ ಹೊತ್ತಾಗ

ಚಿಯಾತುರಾ ಕಣಿವೆಯಲ್ಲಿ ಬೆಳಗಿನ ಆರಕ್ಕೆ
ಗಣಿಯವರು ತೊಟ್ಟಿಲೇರುತ್ತಾರೆ.
ಉಕ್ಕಿನ ಹಗ್ಗಕ್ಕೆ ಜೋತ ತಗಡಿನ ತೊಟ್ಟಿಲು,
ಹದಿನೈದು ಜನ, ಜೊತೆಗೊಂದು ನಾಯಿ.
ಅದಕ್ಕೆ ಟಿಕೆಟ್ಟಿಲ್ಲ. ದಿನಾ ಬರುತ್ತದೆ.

ನನ್ನ ಕೆಲಸವೂ ಆಗಲೇ.
"ಮಧ್ಯಾಹ್ನ ಬಾ ಮ್ಜಿಯಾ, ಯಾರೂ ಇರೋದಿಲ್ಲ,
ಆರಾಮಾಗಿ ನೋಡು" ಅನ್ನುತ್ತಾನೆ ಗಾಯೋಸ್.
ಆರಾಮಾಗಿದ್ದಾಗ ಯಾವ ತಾಮ್ರ
ತನ್ನ ನೋವು ಹೇಳಿಕೊಂಡಿದೆ, ಗಾಯೋಸ್?
ಕರೆಂಟು ಹರಿಯಬೇಕು, ಮೋಟರು ಏದುಸಿರು ಬಿಡಬೇಕು,
ಏರಿನಲ್ಲಿ ಜನ ತೂಗಬೇಕು.
ಯಾವ ಹೆಗಲಿಗೆ ಹುಣ್ಣೆಂದು ತಿಳಿಯುವುದು
ಹೊರೆ ಹೊತ್ತಾಗ ಮಾತ್ರ.

ಅವನು ಪ್ಯಾನೆಲ್ಲಿನ ಬಾಗಿಲು ತೆರೆದ.
ನಾನು ಮುಖಕ್ಕೆ ಗಾಜಿಳಿಸಿ ಕ್ಯಾಮೆರಾ ಎತ್ತಿದೆ.
"ನಮ್ಮವಳು ಕೂದಲು ಒಣಗಿಸೋ ಯಂತ್ರದ ಹಾಗಿದೆ."

ಮೊದಲು ಕಂಡದ್ದು ನಾನೇ.
ಉಜ್ಜಿ ಬೆಳಗಿದ ತಾಮ್ರದ ಪಟ್ಟಿಯಲ್ಲಿ
ಕಿತ್ತಳೆ ಬಣ್ಣದ ಒಂದು ಹೆಂಗಸು,
ಮುಖದ ಜಾಗದಲ್ಲಿ ಗಾಜಿನ ತಣ್ಣನೆ ನೀಲಿ.
ಹೊಳೆಯುವುದರ ಚಾಳಿಯೇ ಅದು:
ತನ್ನ ಬಿಸಿ ಬಚ್ಚಿಟ್ಟು ಎದುರಿನವರದನ್ನು ತೋರಿಸುತ್ತದೆ.
ಅದಕ್ಕೇ ಹೋದ ಸಲ ಕರೆಂಟು ತೆಗೆಸಿದ್ದಾಗ
ಮೂರೂ ಕೀಲುಗಳಿಗೆ ಬೆರಳಗಲ ಕರಿ ಟೇಪು ಅಂಟಿಸಿದ್ದೆ.
ದೃಷ್ಟಿ ತಾಗದಿರಲೆಂದಲ್ಲ,
ತಾಗಲೆಂದೇ ಇಟ್ಟ ಬೊಟ್ಟು.

ಒಂದನೆಯದು ನಲವತ್ತೊಂದು.
ಎರಡನೆಯದು ನಲವತ್ತೆರಡು.
ಮೂರನೆಯದು
ನೂರಾ ಹದಿನೆಂಟು.
ಮೂವರದೂ ಒಂದೇ ಹೊರೆ, ಒಂದೇ ಗಾಳಿ,
ಒಬ್ಬಳಿಗೆ ಮಾತ್ರ ಜ್ವರ.
ಬೋಲ್ಟಿನ ಬುಡದಲ್ಲಿ ಬೆಳ್ಳಗೆ ಉರಿದು
ತಂತಿಯುದ್ದಕ್ಕೂ ಹಳದಿ, ಕೆಂಪು, ನೇರಳೆಯಾಗಿ
ಆರುತ್ತಾ ಹೋಗುವ ಬಾಲ.
ಬರಿಗಣ್ಣಿಗೆ ಏನೂ ಇಲ್ಲ. ಹೊಗೆಯಿಲ್ಲ, ಕಮಟಿಲ್ಲ,
ಕೆಂಡ ಮುಚ್ಚುವ ಬೂದಿ ಕೂಡ ಇಲ್ಲ.

"ಬಣ್ಣ ನಂಬಬೇಡ" ಅಂದ.
ನಿಜ, ಬಣ್ಣ ನಾನೇ ಆರಿಸಿದ್ದು.
ಗುಂಡಿ ಒತ್ತಿದರೆ ಇದೇ ಜ್ವರ ಹಸಿರಾದೀತು.
ಅಂಕಿಯನ್ನಾದರೂ ನಂಬು ಎಂದೆ. ನಂಬಲಿಲ್ಲ.
ಜೇಬಿನಿಂದ ಇಗರ್ಜಿಯ ಮೇಣದಬತ್ತಿ ತೆಗೆದ,
ಕಡ್ಡಿಯಷ್ಟು ತೆಳು, ಜೇನುಮೇಣದ್ದು.
ಮೂವತ್ತೇಳು ವರ್ಷ ಹೀಗೇ ಜ್ವರ ನೋಡಿದವನು.
ಕರೆಂಟು ಹಾಯದ ಉದ್ದ ಕೋಲಿನ ತುದಿಗೆ ಸಿಕ್ಕಿಸಿ
ಒಂದನೆಯದಕ್ಕೆ ಮುಟ್ಟಿಸಿದ, ಹಾಗೇ ಇತ್ತು.
ಎರಡನೆಯದಕ್ಕೂ.
ಮೂರನೆಯದಕ್ಕೆ ಮುಟ್ಟಿದ್ದೇ ತಡ
ಬತ್ತಿ ತಲೆ ಬಾಗಿಸಿತು.
ಗ್ರೀಸಿನ ಕೋಣೆಯಲ್ಲಿ ಒಂದು ಗಳಿಗೆ ಜೇನಿನ ವಾಸನೆ.

ಅವನ ಕೈ ಸ್ವಿಚ್ಚಿಗೆ ಹೋಯಿತು.
ಕಿಟಕಿಯ ಬಳಿಯಿಂದ ಲಾಮಾರಾ ಚೀರಿದಳು:
"ಬೇಡ! ನಡುದಾರೀಲಿದಾರೆ!"

ಕೆಳಗೆ ನದಿ, ಮೇಲೆ ಬಂಡೆ,
ನಡುವೆ ಹದಿನೈದು ಜನ, ಒಂದು ನಾಯಿ.
ನಾನು ಅಂಕಿ ಓದತೊಡಗಿದೆ, ಗಟ್ಟಿಯಾಗಿ.
ನೂರಾ ಹತ್ತೊಂಬತ್ತು.
ನೂರಾ ಇಪ್ಪತ್ತೊಂದು.
ನೂರಾ ಇಪ್ಪತ್ತೊಂದೇ.
ನೂರಾ ಇಪ್ಪತ್ನಾಲ್ಕು.
ಪ್ರಾರ್ಥನೆಯೆಂದರೆ ನನಗೆ ಬರುವುದು ಇಷ್ಟೇ.
ಗಾಯೋಸ್ ಹಿಡಿಕೆಯ ಮೇಲೆ ಕೈಯಿಟ್ಟು
ಕಣ್ಣು ಮುಚ್ಚಿ ಕೇಳುತ್ತಿದ್ದ.

ನೂರಾ ಇಪ್ಪತ್ತಾರಕ್ಕೆ ಗಂಟೆ ಹೊಡೆಯಿತು. ಮೇಲಿನ ನಿಲ್ದಾಣ.
ಮೊದಲು ಇಳಿದದ್ದು ನಾಯಿಯಂತೆ.
ಲಾಮಾರಾ ಫೋನು ಹಿಡಿದೇ ನಕ್ಕಳು, ಆಮೇಲೆ ಕೂತಳು.

ಹಿಡಿಕೆ ಎಳೆದು, ಬೀಗ ಜಡಿದು,
ಸತ್ತಿದೆಯೆಂದು ಮೂರು ಸಲ ಪರೀಕ್ಷಿಸಿ,
ತಾಮ್ರ ತಣಿಯುವವರೆಗೆ ಚಹಾ ಕುಡಿದೆವು.
ಕಾಲು ಸುತ್ತು ಸಡಿಲವಾಗಿತ್ತು ಬೋಲ್ಟು.
ಬರೀ ಕಾಲು ಸುತ್ತು.

ಎಲ್ಲ ಬಿಗಿದಾದ ಮೇಲೆ ಅವನು
ಬಣ್ಣ ಬಳಿದ ಕಬ್ಬಿಣದ ಬಾಗಿಲಿಗೆ ಅಂಗೈಯೂರಿ
ಸ್ವಲ್ಪ ಹೊತ್ತು ನಿಂತ. ಕೈ ತೆಗೆದ.
ಕ್ಯಾಮೆರಾ ನಾನಿನ್ನೂ ಆರಿಸಿರಲಿಲ್ಲ.
ಬಾಗಿಲ ಮೇಲೆ ಕೈಯೊಂದು ಉಳಿದಿತ್ತು,
ನಾಲ್ಕೂವರೆ ಬೆರಳಿನದು.
ಆ ಅರ್ಧ ಎಲ್ಲಿ ಹೋಯಿತೆಂದು
ಇಷ್ಟು ವರ್ಷ ನಾನು ಕೇಳಿರಲಿಲ್ಲ.
ವರದಿಯಲ್ಲಿ ಇಂಥದಕ್ಕೆ ಕಾಲಂ ಇಲ್ಲ.

"ಏನು ನೋಡ್ತಿದೀಯ?" ಅಂದ.
ಏನಿಲ್ಲ ಅಂದೆ.
ಅಷ್ಟರಲ್ಲಿ ಅದು ನಿಜವೂ ಆಗಿತ್ತು.